ಕಾಡು ಟರ್ಕಿ ಕೋಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಬಾಸ್ಟನ್ ಊರಿನಿಂದ ಸ್ವಲ್ಪ ಆಚೆ. ಪ್ರತಿ ವರ್ಷ ಮಾರ್ಚ್ ಬಂತೆಂದರೆ, ಹೊಸದಾಗಿ ಮನೆ ಮಾಡಿದ ಕನ್ನಡದವರಿಂದ ನನ್ನ ಫೋನಿಗೆ ಒಂದೇ ತರಹದ ಫೋಟೋ ಬರುತ್ತದೆ. ಮನೆ ಮುಂದೆ ಕಾರು, ಕಾರಿನ ಮುಂದೆ ಎದೆಯುಬ್ಬಿಸಿಕೊಂಡು ನಿಂತ ದೈತ್ಯ ಹಕ್ಕಿ, ಕೆಳಗೆ "ಇದೇನು ಮಾರಾಯ್ರೇ?" ಅಂತ ಒಂದು ಸಾಲು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಜಾಸ್ತಿ ಮಾತು ಅಮೆರಿಕದ ಪೂರ್ವ ಭಾಗದ ಟರ್ಕಿಗಳ ಬಗ್ಗೆ, ಯಾಕೆಂದರೆ ನಾನು ದಿನಾ ನೋಡುವುದು ಅವನ್ನೇ.

ಇದು ನಿಜವಾಗಿ ಕಾಡು ಟರ್ಕಿನಾ, ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿದೆಯಾ?

ಕಾಡಿನದ್ದೇ. ಫಾರಂನಲ್ಲಿ ಸಾಕುವ ಟರ್ಕಿ ಬಹುಪಾಲು ಬಿಳಿ, ದಪ್ಪ, ಎದೆ ಎಷ್ಟು ಭಾರ ಅಂದರೆ ನಡೆಯುವುದಕ್ಕೇ ಕಷ್ಟ. ಕಾಡು ಟರ್ಕಿ ಉದ್ದ ಕಾಲಿನ, ಸಪೂರ ಮೈಯ ಹಕ್ಕಿ. ದೂರದಿಂದ ಸುಮ್ನೆ ಕಪ್ಪಗೆ ಕಾಣುತ್ತದೆ. ಬಿಸಿಲಿಗೆ ಬಂದಾಗ ನೋಡಿ, ತಾಮ್ರ, ಹಸಿರು, ಕಂಚು ಎಲ್ಲಾ ಬಣ್ಣ ಮಿಂಚುತ್ತದೆ. ಹುಂಜ 7ರಿಂದ 11 ಕಿಲೋ ತೂಗುತ್ತದೆ, ಹೇಂಟೆ ಅದರ ಅರ್ಧದಷ್ಟು. ನಮ್ಮ ಕಡೆಯ ಟರ್ಕಿಗೆ ಬಾಲದ ಗರಿಯ ತುದಿ ಕಂದು ಬಣ್ಣ. ಪಶ್ಚಿಮದ ಬೆಟ್ಟಗಳಲ್ಲಿರುವ ಮೆರಿಯಮ್ಸ್ ಎಂಬ ಬಗೆಗೆ ಆ ತುದಿ ಹೆಚ್ಚುಕಮ್ಮಿ ಬಿಳಿ. ಫ್ಲಾರಿಡಾದ ಒಸಿಯೋಲಾ ಬಗೆ ಇನ್ನೂ ಕಪ್ಪು. ಇಂಥ ಐದಾರು ಉಪಜಾತಿಗಳಿವೆ, ಆದರೆ ಎಲ್ಲಾ ಒಂದೇ ಜಾತಿಯ ಹಕ್ಕಿ. ಮೆಕ್ಸಿಕೋದ ಯುಕಟಾನ್ ಕಡೆ ಮಾತ್ರ ಬಾಲದಲ್ಲಿ ಕಣ್ಣಿನಂಥ ಚುಕ್ಕೆಗಳಿರುವ ಬೇರೆಯೇ ಒಂದು ಜಾತಿ ಇದೆ. ಪ್ರಪಂಚದಲ್ಲಿ ಉಳಿದಿರುವ ಟರ್ಕಿ ಜಾತಿಗಳು ಈ ಎರಡೇ.

ಗರಿ ಬಿಚ್ಚಿ ಕುಣಿಯುತ್ತಲ್ಲ, ನವಿಲಿನ ಸಂಬಂಧಿಯಾ?

ದೂರದ ಸಂಬಂಧಿ. ನವಿಲು, ಕಾಡುಕೋಳಿ, ಕೌಜುಗ, ಟರ್ಕಿ ಎಲ್ಲಾ ಒಂದೇ ದೊಡ್ಡ ಕುಟುಂಬ. ನಮ್ಮಮ್ಮ ಹಾಸನದಿಂದ ಬಂದಿದ್ದಾಗ ಕಿಟಕಿಯಿಂದ ಮೊದಲ ಸಲ ಟರ್ಕಿ ಕುಣಿತ ನೋಡಿ, "ನವಿಲು ಕುಣಿಯಿತು ಅಂತ ಕೆಂಭೂತ ಕುಣಿಯಿತಂತೆ" ಅಂದುಬಿಟ್ಟರು. ಪಾಪ, ಈ ಹಕ್ಕಿ ಜನ್ಮದಲ್ಲಿ ನವಿಲನ್ನು ನೋಡಿಲ್ಲ. ಇನ್ನೊಂದು ವಿಷಯ ಹೇಳಿದರೆ ಅಮ್ಮ ನಂಬಲೇ ಇಲ್ಲ: ನವಿಲು ಬಿಚ್ಚುವುದು ಅದರ ಬಾಲವನ್ನೇ ಅಲ್ಲ, ಬಾಲದ ಮೇಲೆ ಬೆಳೆದ ಬೆನ್ನಿನ ಗರಿಗಳನ್ನು. ನಿಜವಾದ ಬಾಲ ಅದರ ಹಿಂದೆ ಊರುಗೋಲಿನ ಹಾಗೆ ನಿಂತಿರುತ್ತದೆ. ಟರ್ಕಿ ಬಿಚ್ಚುವುದು ಅಸಲಿ ಬಾಲವನ್ನೇ, ಅದರಲ್ಲಿ 18 ಗರಿ. ಅಂದ ಯಾವುದು ಜಾಸ್ತಿ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ.

ಹುಂಜ ಯಾವುದು, ಹೇಂಟೆ ಯಾವುದು?

ಎದೆ ನೋಡಿ. ಹುಂಜದ ಎದೆಗರಿಯ ತುದಿ ಕಪ್ಪು, ಹೇಂಟೆಯದ್ದು ಕಂದು. ಹುಂಜದ ತಲೆ ಬೋಳು, ಕೆಂಪು-ನೀಲಿ-ಬಿಳಿ. ಹೇಂಟೆಯ ತಲೆ ಬೂದು, ಅಲ್ಲಲ್ಲಿ ಸಣ್ಣ ಪುಕ್ಕ. ಹುಂಜದ ಎದೆಯಿಂದ ಕುದುರೆ ಕೂದಲಿನಂಥ ಒಂದು ಗೊಂಚಲು ಇಳಿಬಿದ್ದಿರುತ್ತದೆ, ಅದನ್ನು ಗಡ್ಡ ಅನ್ನುತ್ತಾರೆ. ಕೂದಲಲ್ಲ, ಅದೂ ಒಂದು ಬಗೆಯ ಗರಿಯೇ. ಗಡ್ಡ ಕಂಡ ತಕ್ಷಣ ಹುಂಜ ಅಂತ ತೀರ್ಮಾನ ಮಾಡಬೇಡಿ, ಹತ್ತು ಹೇಂಟೆಗಳಲ್ಲಿ ಒಂದಕ್ಕಾದರೂ ಚಿಕ್ಕ ಗಡ್ಡ ಇರುತ್ತದೆ. ಕಾಲಿನ ಹಿಂದೆ ಮುಳ್ಳು ಉದ್ದವಾಗಿದ್ದರೆ ವಯಸ್ಸಾದ ಹುಂಜ. ಹಕ್ಕಿ ಹೋಗಿಬಿಟ್ಟಿದೆ, ಹಿಕ್ಕೆ ಮಾತ್ರ ಬಿದ್ದಿದೆ ಅಂದರೂ ಹೇಳಬಹುದು: ಉದ್ದಕ್ಕೆ ಇದ್ದು ತುದಿ ಕೊಕ್ಕೆಯ ಹಾಗೆ ಬಾಗಿದ್ದರೆ ಹುಂಜ, ಗುಪ್ಪೆಯಾಗಿ ಸುತ್ತಿಕೊಂಡಿದ್ದರೆ ಹೇಂಟೆ. ಹೌದು, ನಾನು ಇದನ್ನೂ ನೋಡುತ್ತೇನೆ.

ಇಲ್ಲಿನವರು ದೊಡ್ಡ ಹುಂಜವನ್ನು ಟಾಮ್ ಅನ್ನುತ್ತಾರೆ, ಒಂದು ವರ್ಷದ ಪಡ್ಡೆ ಹುಂಜವನ್ನು ಜೇಕ್. ಜೇಕ್ ಬಾಲ ಬಿಚ್ಚಿದಾಗ ನಡುವಿನ ಗರಿಗಳು ಮಾತ್ರ ಉದ್ದ ಇರುತ್ತವೆ, ಬೀಸಣಿಗೆ ಸರಿಯಾಗಿ ಕೂರುವುದಿಲ್ಲ. ಮೀಸೆ ಪೂರ್ತಿ ಬರದ ಹುಡುಗರ ಹಾಗೆ.

ಕೊಕ್ಕಿನ ಮೇಲೆ ಜೋತಾಡುವುದು ಏನು? ತಲೆಯ ಬಣ್ಣ ಬದಲಾಗುವುದು ನಿಜಾನಾ?

ನಿಜ. ಕೊಕ್ಕಿನ ಮೇಲಿನ ಆ ತೊಗಲಿಗೆ ಸ್ನೂಡ್ ಅನ್ನುತ್ತಾರೆ. ಹುಂಜ ಸುಮ್ಮನೆ ಮೇಯುವಾಗ ಅದು ಬೆರಳ ತುದಿಯಷ್ಟು ಮೊಟಕು. ಕುಣಿತ ಶುರುವಾದರೆ ಉದ್ದವಾಗಿ ಕೊಕ್ಕು ದಾಟಿ ಇಳಿಯುತ್ತದೆ. ಮನುಷ್ಯರ ಕಣ್ಣಿಗೆ ಅಸಹ್ಯ ಅನಿಸಬಹುದು, ಹೇಂಟೆ ನೋಡುವುದೇ ಅದನ್ನು. ರಿಚರ್ಡ್ ಬಕ್‌ಹೋಲ್ಟ್ಸ್ ಎಂಬ ವಿಜ್ಞಾನಿ ತೋರಿಸಿದ ಹಾಗೆ, ಹೇಂಟೆಗಳಿಗೆ ಉದ್ದ ಸ್ನೂಡಿನ ಹುಂಜವೇ ಇಷ್ಟ, ಮತ್ತು ಉದ್ದ ಸ್ನೂಡಿನ ಹುಂಜಗಳ ಹೊಟ್ಟೆಯಲ್ಲಿ ರೋಗ ತರುವ ಪರೋಪಜೀವಿಗಳು ಕಮ್ಮಿ. ಅಂದರೆ ಆ ಜೋಲು ತೊಗಲು ಒಂದು ತರಹ ಆರೋಗ್ಯದ ಸರ್ಟಿಫಿಕೇಟು.

ಬಣ್ಣದ ಗುಟ್ಟು ಚರ್ಮದಲ್ಲಿದೆ. ಅಲ್ಲಿ ರಕ್ತನಾಳಗಳ ಜೊತೆ ಕೊಲಾಜೆನ್ ಎಂಬ ಎಳೆಗಳ ಕಟ್ಟುಗಳಿವೆ. ಹಕ್ಕಿ ಉದ್ರೇಕಗೊಂಡಾಗ ರಕ್ತನಾಳ ಹಿಗ್ಗುತ್ತದೆ, ಕುಗ್ಗುತ್ತದೆ, ಎಳೆಗಳ ನಡುವಿನ ಅಂತರ ಬದಲಾಗುತ್ತದೆ, ಬೆಳಕು ಬೇರೆ ತರಹ ಚದುರುತ್ತದೆ. ಕೆಂಪಿದ್ದದ್ದು ಕ್ಷಣದಲ್ಲಿ ನೀಲಿ, ಆಮೇಲೆ ಬಿಳಿ. ಬರ್ಕ್‌ಲಿಯ ವಿಜ್ಞಾನಿಗಳು 2014ರಲ್ಲಿ ಇದೇ ಉಪಾಯ ಬಳಸಿ, ಗಾಳಿಯಲ್ಲಿನ ರಾಸಾಯನಿಕಗಳನ್ನು ಬಣ್ಣದಿಂದ ಗುರುತಿಸುವ ಸಾಧನವನ್ನೇ ಮಾಡಿದರು.

ಆದರೆ ಇದನ್ನು ಕಣ್ಣಾರೆ ನೋಡಿ ಚೆನ್ನಾಗಿ ಬರೆದವರಲ್ಲಿ ನಮ್ಮ ದೇಶದ ಬಾದಶಹನೇ ಒಬ್ಬ. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವಾದ ಪೋರ್ಚುಗೀಸರಿಂದ ಒಂದು ಟರ್ಕಿ ಹುಂಜ ಕೊಂಡು ಜಹಾಂಗೀರನ ಆಸ್ಥಾನಕ್ಕೆ ತಂದ. ಅದರ ಹೆಸರೂ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಹಾಂಗೀರ್ ಅದನ್ನು ಗಂಟೆಗಟ್ಟಲೆ ನೋಡಿರಬೇಕು. ತಲೆ ಒಂದು ಸಲ ಹವಳದ ಹಾಗೆ ಕೆಂಪು, ಆಮೇಲೆ ಹತ್ತಿಯ ಹಾಗೆ ಬಿಳಿ, ಊಸರವಳ್ಳಿಯಂತೆ ಬಣ್ಣ ಬದಲಿಸುತ್ತದೆ ಅಂತ ತನ್ನ ದಿನಚರಿಯಲ್ಲಿ ಬರೆದಿಟ್ಟ. ಅಷ್ಟೇ ಅಲ್ಲ, ಉಸ್ತಾದ್ ಮನ್ಸೂರನಿಂದ ಚಿತ್ರ ಬರೆಸಿದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹುಡುಕಿ ನೋಡಿ, ಸ್ನೂಡ್ ಸಮೇತ ಬರೆದಿದ್ದಾನೆ.

ಟರ್ಕಿ ದೇಶಕ್ಕೂ ಇದಕ್ಕೂ ಏನು ಸಂಬಂಧ?

ಏನೂ ಇಲ್ಲ. ಹಕ್ಕಿ ಪೂರ್ತಿ ಅಮೆರಿಕ ಖಂಡದ್ದು. ಸ್ಪೇನಿನವರು 1500ರ ದಶಕದ ಶುರುವಿನಲ್ಲಿ ಮೆಕ್ಸಿಕೋದಿಂದ ಯುರೋಪಿಗೆ ಒಯ್ದರು. ಆಗಿನ ಇಂಗ್ಲೆಂಡಿನಲ್ಲಿ ಹೊರಗಿನಿಂದ ಬಂದ ವಿಚಿತ್ರ ಸರಕಿಗೆಲ್ಲ ತುರ್ಕಿ ವ್ಯಾಪಾರಿಗಳ ಹೆಸರು ಅಂಟುತ್ತಿತ್ತು, ಈ ಹಕ್ಕಿಗೂ ಅಂಟಿತು. ತಮಾಷೆ ಅಂದರೆ ತುರ್ಕಿ ಭಾಷೆಯಲ್ಲಿ ಇದರ ಹೆಸರು "ಹಿಂದಿ", ಅಂದರೆ ಇಂಡಿಯಾದ್ದು. ಫ್ರೆಂಚರ "ದ್ಯಾಂದ್" ಕೂಡ "ಇಂಡಿಯಾದಿಂದ ಬಂದದ್ದು" ಎಂಬುದರಿಂದಲೇ ಹುಟ್ಟಿದೆ. ಡಚ್ಚರು ಇನ್ನೂ ಮುಂದೆ ಹೋಗಿ ಊರಿನ ವಿಳಾಸವನ್ನೇ ಕೊಟ್ಟರು: ಅವರ "ಕಾಲ್ಕೂನ್" ಪದ ಬಂದಿರುವುದು ಕಲ್ಲಿಕೋಟೆಯಿಂದ! ಕೊಲಂಬಸ್ ಅಮೆರಿಕವನ್ನು ಇಂಡಿಯಾ ಅಂದುಕೊಂಡ ಗೊಂದಲ ಇವತ್ತಿಗೂ ಈ ಕೋಳಿಯ ಬೆನ್ನ ಮೇಲೆ ಕೂತಿದೆ. ಇತ್ತ ಪೋರ್ಚುಗೀಸರು ಇದನ್ನು "ಪೆರು" ಅಂದರು, ಪೆರು ದೇಶದಲ್ಲೂ ಕಾಡು ಟರ್ಕಿ ಇಲ್ಲ. ನಾವು ಕನ್ನಡದಲ್ಲಿ ಟರ್ಕಿ ಕೋಳಿ ಅಂತ ಇಂಗ್ಲಿಷರ ತಪ್ಪನ್ನೇ ಮುಂದುವರಿಸಿದ್ದೇವೆ. ಇರಲಿ ಬಿಡಿ.

ಇಷ್ಟು ದಪ್ಪ ಹಕ್ಕಿ ಹಾರುತ್ತಾ?

ಹಾರುತ್ತದೆ, ಚೆನ್ನಾಗಿಯೇ ಹಾರುತ್ತದೆ. ಗಂಟೆಗೆ 80 ಕಿಲೋಮೀಟರ್ ದಾಟುತ್ತದೆ. ಆದರೆ ಸ್ವಲ್ಪ ದೂರ ಮಾತ್ರ, ಒಂದು ಕಾಡಿನ ಅಂಚಿನಿಂದ ಇನ್ನೊಂದಕ್ಕೆ. ಓಡುವುದಾದರೆ ಗಂಟೆಗೆ 40 ಕಿಲೋಮೀಟರ್ ಹತ್ತಿರ. ಅಪಾಯ ಕಂಡರೆ ಮೊದಲು ಓಡುವುದನ್ನೇ ನೋಡುತ್ತದೆ, ರೆಕ್ಕೆ ಕೊನೆಯ ದಾರಿ. ಹೀಗಾಗಿ ಹಾರುವುದೇ ಇಲ್ಲ ಅಂತ ಜನ ಅಂದುಕೊಂಡಿದ್ದಾರೆ.

ರಾತ್ರಿ ಎಲ್ಲಿ ಹೋಗುತ್ತವೆ?

ಮರದ ಮೇಲೆ. ಇದನ್ನು ಕೇಳಿ ಆಶ್ಚರ್ಯಪಡದವರೇ ಇಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಇಡೀ ಹಿಂಡು ಎತ್ತರದ ಮರದ ಕೆಳಗೆ ಸೇರುತ್ತದೆ. ಕುತ್ತಿಗೆ ಚಾಚಿ ಕೊಂಬೆ ನೋಡುತ್ತವೆ, ಎರಡು ಹೆಜ್ಜೆ ಹಿಂದೆ, ಮತ್ತೆ ನೋಡುತ್ತವೆ, ಆಮೇಲೆ ಒಂದೊಂದಾಗಿ ದಬದಬ ರೆಕ್ಕೆ ಬಡಿದು ಮೇಲೇರುತ್ತವೆ. ನಮ್ಮ ಮನೆ ಹಿಂದೆ ಓಕ್ ಮರ ಇದೆ, ಚಳಿಗಾಲದ ರಾತ್ರಿ ಎಲೆ ಇಲ್ಲದ ಕೊಂಬೆಗಳ ಮೇಲೆ ಹನ್ನೊಂದು ಕಪ್ಪು ಗಂಟು ಕೂತಿರುತ್ತವೆ. ಯಾರೋ ಮರಕ್ಕೆ ಮೂಟೆ ಕಟ್ಟಿಟ್ಟ ಹಾಗೆ. ಹಗಲಿನಲ್ಲಿ ಟರ್ಕಿಯ ಕಣ್ಣು ಬಹಳ ಚುರುಕು, ಬಣ್ಣ ಗುರುತಿಸುತ್ತದೆ, ತಲೆ ಸ್ವಲ್ಪ ತಿರುಗಿಸಿದರೆ ಸುತ್ತಲೂ ಕಾಣುತ್ತದೆ. ಕತ್ತಲಲ್ಲಿ ಮಾತ್ರ ಸರಿಯಾಗಿ ಕಾಣುವುದಿಲ್ಲ. ಕೆಳಗೆ ಮಲಗಿದರೆ ಕಯೋಟಿಗೋ ಕಾಡುಬೆಕ್ಕಿಗೋ ಊಟ. ಮರದ ಮೇಲೂ ಪೂರ್ತಿ ನೆಮ್ಮದಿ ಇಲ್ಲ, ದೊಡ್ಡ ಕೊಂಬಿನ ಗೂಬೆ ಅಲ್ಲಿಗೂ ಬರುತ್ತದೆ.

ಏನು ತಿನ್ನುತ್ತವೆ?

ಹಾಗೆ ಕೇಳುವುದಕ್ಕಿಂತ ಏನು ತಿನ್ನುವುದಿಲ್ಲ ಅಂತ ಕೇಳಿ. ಓಕ್ ಮರದ ಕಾಯಿ, ಬೀಚ್ ಕಾಯಿ, ಹುಲ್ಲಿನ ಬೀಜ, ಬೆರ್ರಿ ಹಣ್ಣು, ಎಳೆ ಚಿಗುರು, ಮಿಡತೆ, ಬಸವನಹುಳು, ಸಿಕ್ಕಿದರೆ ಪುಟ್ಟ ಹಲ್ಲಿ. ನಮ್ಮ ನಾಟಿ ಕೋಳಿಯ ಹಾಗೆಯೇ ಕಾಲಿನಿಂದ ತರಗೆಲೆ ಕೆದರುತ್ತಾ ಹೋಗುತ್ತವೆ. ಹಿಂಡು ಹೋದ ಮೇಲೆ ಕಾಡಿನ ನೆಲ ಪೊರಕೆ ಹಾಕಿದ ಹಾಗೆ ಕಾಣುತ್ತದೆ.

ಹಲ್ಲಿಲ್ಲ, ಆದರೆ ಓಕ್ ಕಾಯಿಯನ್ನು ಇಡೀ ನುಂಗುತ್ತವೆ. ಅರೆಯುವ ಕೆಲಸ ಗಿಜರ್ಡ್ ಎಂಬ ದಪ್ಪ ಮಾಂಸದ ಹೊಟ್ಟೆಯದ್ದು. ಹಕ್ಕಿ ನುಂಗಿದ ಸಣ್ಣ ಕಲ್ಲುಗಳು ಅದರೊಳಗೆ ರುಬ್ಬುಗುಂಡಿನ ಕೆಲಸ ಮಾಡುತ್ತವೆ. ನಾವು ಸುತ್ತಿಗೆ ಹಿಡಿದು ಒಡೆಯಬೇಕಾದ ಹಿಕರಿ ಕಾಯಿಯೂ ಅಲ್ಲಿ ಪುಡಿ. 18ನೇ ಶತಮಾನದಲ್ಲಿ ಸ್ಪಲ್ಲಂಜಾನಿ ಎಂಬ ಇಟಲಿಯ ವಿಜ್ಞಾನಿ ಟರ್ಕಿಗಳಿಗೆ ಸೂಜಿ ಚುಚ್ಚಿದ ಸೀಸದ ಗುಂಡು ನುಂಗಿಸಿ ನೋಡಿದ. ಸೂಜಿಗಳು ಮುರಿದು ಮೊಂಡಾದವು, ಹೊಟ್ಟೆಗೆ ಏನೂ ಆಗಲಿಲ್ಲ. ಇವತ್ತು ಯಾರೂ ಇಂಥ ಪ್ರಯೋಗಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು.

ನಮ್ಮ ತರಕಾರಿ ತೋಟ ಹಾಳು ಮಾಡಿದ್ದು ಟರ್ಕಿನಾ?

ಬಹುಶಃ ಅಲ್ಲ. ರಾತ್ರಿ ಬಂದು ಹಾಳು ಮಾಡುವುದು ಜಿಂಕೆ ಮತ್ತು ರಕೂನ್. ಬೆಳಿಗ್ಗೆ ಅಲ್ಲಿ ಹುಳ ಹೆಕ್ಕುತ್ತಾ ನಿಂತಿರುವುದು ಟರ್ಕಿ. ಸಿಕ್ಕಿಬೀಳುವುದು ಅದೇ. ಆದರೆ ಈಗಷ್ಟೇ ಬಿತ್ತಿದ ಮೆಂತ್ಯ, ಕೊತ್ತಂಬರಿ ಮಡಿಯನ್ನು ಕೆದರಿ ಹಾಕಿದ್ದರೆ, ಅಥವಾ ಒಣ ಮಣ್ಣಿನಲ್ಲಿ ಬೋಗುಣಿಯಂಥ ಗುಂಡಿ ಆಗಿದ್ದರೆ ಇವುಗಳದ್ದೇ ಕೆಲಸ. ಆ ಗುಂಡಿ ಅವುಗಳ ಬಚ್ಚಲು. ಹೇನು, ಉಣ್ಣೆ ಹೋಗಲಿ ಅಂತ ಧೂಳಿನಲ್ಲಿ ಹೊರಳಾಡುತ್ತವೆ.

ಕಾರಿನ ಬಾಗಿಲು ಹಾಕಿದರೆ ಕೂಗುತ್ತವಲ್ಲ, ಯಾಕೆ?

ಆ "ಗುಳುಗುಳುಗುಳು" ಕೂಗು ಹುಂಜದ್ದು. ಮೈಲಿ ದೂರಕ್ಕೆ ಕೇಳುತ್ತದೆ. "ನಾನಿಲ್ಲಿದ್ದೇನೆ" ಅಂತ ಹೇಂಟೆಗಳನ್ನು ಕರೆಯುವುದು, ಜೊತೆಗೆ ಬೇರೆ ಹುಂಜಗಳಿಗೆ ಎಚ್ಚರಿಕೆ. ವಸಂತದಲ್ಲಿ ಅದು ಎಷ್ಟು ಬಿಗಿಯಾಗಿ ಕಾದಿರುತ್ತದೆ ಅಂದರೆ ಯಾವ ಸದ್ದಾದರೂ ಸಾಕು, ಕೂಗು ಹೊರಬಂದುಬಿಡುತ್ತದೆ. ಗುಡುಗು, ಕಾಗೆ, ಕಾರಿನ ಬಾಗಿಲು, ನಾಯಿ ಬೊಗಳುವುದು, ಎಲ್ಲಕ್ಕೂ ಉತ್ತರ. ಬೇಟೆಗಾರರು ಇದನ್ನೇ ಬಳಸಿಕೊಂಡು ಬೆಳಗಿನ ಜಾವ ಗೂಬೆಯ ಹಾಗೆ ಕೂಗುತ್ತಾರೆ. ಹುಂಜ ಸುಮ್ಮನಿರಲಾರದೆ ತಾನೆಲ್ಲಿದ್ದೇನೆ ಅಂತ ಹೇಳಿಬಿಡುತ್ತದೆ.

ಗದ್ದಲ ಮಾಡುವುದು ಹುಂಜವಾದರೂ, ದಿನವಿಡೀ ಮಾತಾಡುವುದು ಹೇಂಟೆಯೇ. ಹಿಂಡು ಒಟ್ಟುಗೂಡಿಸಲು ಒಂದು ಸ್ವರ, ಮೇಯುವಾಗ ಗುರುಗುಟ್ಟುವ ಇನ್ನೊಂದು, ಮರಿ ಕರೆಯಲು ಮತ್ತೊಂದು. ಅಪಾಯ ಕಂಡರೆ "ಪಟ್, ಪಟ್" ಅಂತ ಚೂಪಾದ ಸದ್ದು. ಅದು ಕೇಳಿದರೆ ನಿಮ್ಮನ್ನು ಆಗಲೇ ನೋಡಿಬಿಟ್ಟಿವೆ ಅಂತ ಅರ್ಥ, ಕ್ಯಾಮೆರಾ ಒಳಗಿಡಿ.

ಎರಡು ಮೂರು ಹುಂಜ ಒಟ್ಟಿಗೆ ಕುಣಿಯುವುದು ನೋಡಿದೆ. ಒಂದಕ್ಕೊಂದು ಹೊಡೆದಾಡಲ್ವಾ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಬೇರೆ ಗುಂಪಿನ ಹುಂಜ ಬಂದರೆ ಹೊಡೆದಾಡುತ್ತವೆ, ಕುತ್ತಿಗೆಗೆ ಕುತ್ತಿಗೆ ಸುತ್ತಿ, ಮುಳ್ಳಿನಿಂದ ಒದ್ದು, ರಕ್ತ ಬರುವವರೆಗೂ. ಆದರೆ ಒಟ್ಟಿಗೆ ಸಾಲಾಗಿ ಗರಿ ಬಿಚ್ಚಿ ನಿಂತವು ಸಾಮಾನ್ಯವಾಗಿ ಅಣ್ಣತಮ್ಮಂದಿರು. ಒಂದೇ ತಾಯಿಯ ಗಂಡುಮರಿಗಳು ಮೊದಲ ಚಳಿಗಾಲದಲ್ಲೇ ತಮ್ಮತಮ್ಮಲ್ಲಿ ಕಾದಾಡಿ ಯಾರು ದೊಡ್ಡವನು ಅಂತ ತೀರ್ಮಾನ ಮಾಡಿಕೊಳ್ಳುತ್ತವೆ. ಆಮೇಲೆ ಜೀವಮಾನವಿಡೀ ಜೊತೆ. ಹೇಂಟೆ ಕೂಡುವುದು ಆ ದೊಡ್ಡವನ ಜೊತೆ ಮಾತ್ರ.

ಹಾಗಾದರೆ ಉಳಿದವು ಯಾಕೆ ಕುಣಿಯಬೇಕು? ಅಲನ್ ಕ್ರಾಕವರ್ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯಾದಲ್ಲಿ ಈ ಹಕ್ಕಿಗಳ ಡಿಎನ್ಎ ಪರೀಕ್ಷೆ ಮಾಡಿ 2005ರಲ್ಲಿ ಲೆಕ್ಕ ಕೊಟ್ಟರು. ಸಹಾಯಕ ಹುಂಜಗಳಿಗೆ ಸ್ವಂತ ಮರಿ ಒಂದೂ ಇಲ್ಲ. ಆದರೆ ಸಹಾಯಕರಿರುವ ದೊಡ್ಡ ಹುಂಜಕ್ಕೆ, ಒಂಟಿ ಹುಂಜಕ್ಕಿಂತ ಸರಾಸರಿ ಆರು ಮರಿ ಜಾಸ್ತಿ. ಅಣ್ಣನ ಮರಿಗಳಲ್ಲಿ ತಮ್ಮನ ರಕ್ತದ ಪಾಲೂ ಇದೆಯಲ್ಲ. ಒಂಟಿಯಾಗಿ ನಿಂತು ಏನೂ ಸಿಗದೆ ಹೋಗುವುದಕ್ಕಿಂತ ಅಣ್ಣನ ಮದುವೆಗೆ ಓಡಾಡುವುದೇ ಲಾಭ. ಬಂಧುಗಳಿಗೆ ಸಹಾಯ ಮಾಡುವುದೂ ವಿಕಾಸದ ಲೆಕ್ಕಕ್ಕೆ ಸೇರುತ್ತದೆ ಅನ್ನುವ ಮಾತಿಗೆ ಇಷ್ಟು ಚೊಕ್ಕವಾದ ಉದಾಹರಣೆ ಸಿಗುವುದು ಅಪರೂಪ, ಅದೂ ಪಾರ್ಕಿಂಗ್ ಲಾಟಿನಲ್ಲಿ ನೋಡಲು ಸಿಗುವುದು!

ಮೊಟ್ಟೆ, ಮರಿಗಳ ಬಗ್ಗೆ ಹೇಳಿ. ಹುಂಜ ಏನಾದರೂ ನೋಡಿಕೊಳ್ಳುತ್ತಾ?

ಏನೂ ಇಲ್ಲ. ಕೂಡಿದ ಮೇಲೆ ಅದರ ಕೆಲಸ ಮುಗಿಯಿತು. ಹೇಂಟೆ ಒಂಟಿಯಾಗಿ ಪೊದೆಯ ಬುಡದಲ್ಲೋ ಬಿದ್ದ ಮರದ ಪಕ್ಕದಲ್ಲೋ ನೆಲ ಸ್ವಲ್ಪ ತಗ್ಗು ಮಾಡಿ, ದಿನಕ್ಕೆ ಒಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಕೆನೆ ಬಣ್ಣ, ಮೇಲೆ ಕಂದು ಚುಕ್ಕೆ. ಒಮ್ಮೆ ಕೂಡಿದರೆ ವಾರಗಟ್ಟಲೆ ಫಲವತ್ತಾದ ಮೊಟ್ಟೆ ಇಡಬಲ್ಲದು, ವೀರ್ಯವನ್ನು ಮೈಯೊಳಗೇ ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಕೊನೆಯ ಮೊಟ್ಟೆ ಆದ ಮೇಲೆಯೇ ಸರಿಯಾಗಿ ಕಾವಿಗೆ ಕೂರುತ್ತದೆ, ಹಾಗಾಗಿ 28 ದಿನಕ್ಕೆ ಎಲ್ಲಾ ಮರಿ ಹೆಚ್ಚುಕಮ್ಮಿ ಒಟ್ಟಿಗೆ ಹೊರಬರುತ್ತವೆ. ಒಡೆಯುವುದಕ್ಕೆ ಮುಂಚೆಯೇ ತಾಯಿ ಮೊಟ್ಟೆಗಳ ಜೊತೆ ಮೆಲ್ಲಗೆ ಮಾತಾಡುತ್ತದೆ, ಒಳಗಿನಿಂದ ಪೀಪೀ ಅಂತ ಉತ್ತರ ಬರುತ್ತದೆ.

ಮರಿಗಳು ಮಾರನೇ ದಿನವೇ ತಾಯಿ ಹಿಂದೆ ಓಡುತ್ತವೆ. ಆದರೆ ಮೊದಲ ಎರಡು ವಾರ ಹಾರಲು ಬರುವುದಿಲ್ಲ, ರಾತ್ರಿ ನೆಲದ ಮೇಲೆ ತಾಯಿಯ ರೆಕ್ಕೆಯ ಕೆಳಗೇ ಮಲಗಬೇಕು. ಆ ಎರಡು ವಾರ ದೊಡ್ಡ ಗಂಡಾಂತರ. ಜೋರು ಮಳೆ, ಚಳಿ, ನರಿ, ಗಿಡುಗ, ಹಾವು, ಮನೆ ಬೆಕ್ಕು. ಅರ್ಧಕ್ಕಿಂತ ಜಾಸ್ತಿ ಮರಿಗಳು ಅಷ್ಟರೊಳಗೆ ಸಾಯುತ್ತವೆ. ಮೇ ತಿಂಗಳಲ್ಲಿ ಹತ್ತು ಎಣಿಸಿ, ಜುಲೈನಲ್ಲಿ ಮೂರು ಎಣಿಸಿದಾಗ ನನ್ನ ಮಗಳು ಅತ್ತಿದ್ದಳು. ತಾಯಿಯ ತಪ್ಪೇನೂ ಇಲ್ಲ, ಅವುಗಳ ಸಂಸಾರ ನಡೆಯುವುದೇ ಹೀಗೆ.

ಒಂದು ಮಾತು: ಗೂಡು ಕಂಡರೆ ದೂರ ಸರಿಯಿರಿ. ಮತ್ತೆ ಮತ್ತೆ ಹೋಗಿ ನೋಡಿದರೆ ತಾಯಿ ಬಿಟ್ಟು ಹೋಗಬಹುದು.

ಹುಂಜ ಇಲ್ಲದೆಯೂ ಮರಿ ಆಗುತ್ತೆ ಅಂತ ಕೇಳಿದೆ?

ಸಾಕು ಟರ್ಕಿಯಲ್ಲಿ ಆಗಿದೆ. 1950ರ ದಶಕದಲ್ಲಿ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಹುಂಜದ ಮುಖವನ್ನೇ ನೋಡದ ಹೇಂಟೆಗಳ ಮೊಟ್ಟೆಯಿಂದ ಮರಿ ಬಂದವು. ಎಲ್ಲಾ ಗಂಡೇ. ಹಕ್ಕಿಗಳ ಲಿಂಗದ ಲೆಕ್ಕ ನಮ್ಮದಕ್ಕೆ ಉಲ್ಟಾ ಇರುವುದರಿಂದ ಹಾಗೆ.

ಒಂದು ಹುಂಜ ದಿನಾ ನನ್ನ ಕಾರನ್ನು ಕುಕ್ಕುತ್ತಿದೆ, ನನ್ನನ್ನೂ ಅಟ್ಟಿಸಿಕೊಂಡು ಬರುತ್ತದೆ. ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಮೊದಲು ಅದರ ತಲೆಯಲ್ಲಿ ಏನು ನಡೆಯುತ್ತಿದೆ ನೋಡಿ. ಟರ್ಕಿ ಹಿಂಡಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಪಕ್ಕಾ ಇರುತ್ತದೆ. ಯಾರು ಯಾರನ್ನು ಕುಕ್ಕಬಹುದು, ಯಾರು ಕುಕ್ಕಿಸಿಕೊಂಡು ಸುಮ್ಮನಿರಬೇಕು, ಎಲ್ಲಾ ಗೊತ್ತಿರುತ್ತದೆ. ಊರೊಳಗೆ ಬೆಳೆದ ಟರ್ಕಿ ಮನುಷ್ಯರನ್ನೂ ಈ ಏಣಿಯ ಮೇಲೆ ಕೂರಿಸುತ್ತದೆ. ನೀವು ಹೆದರಿ ಹಿಂದೆ ಸರಿದರೆ ನೀವು ಕೆಳಗಿನ ಮೆಟ್ಟಿಲು, ಅಷ್ಟೇ. ನಾಳೆಯೂ ಬರುತ್ತದೆ. ಕಾರಿನ ಬಾಗಿಲಲ್ಲಿ ಕಾಣುವ ಪ್ರತಿಬಿಂಬ ಅದಕ್ಕೆ ಇನ್ನೊಂದು ಹುಂಜ. ಇದು ಎಷ್ಟು ಗರಿ ಬಿಚ್ಚಿದರೂ ಅದೂ ಅಷ್ಟೇ ಬಿಚ್ಚುತ್ತದೆ, ಸೋಲುವುದೇ ಇಲ್ಲ. ತಲೆ ಕೆಡದೆ ಇರುತ್ತದಾ?

ನಮ್ಮ ಕಪ್ಪು ಕಾರಿನ ಜೊತೆ ಒಂದು ಹುಂಜ ಮೂರು ದಿನ ಯುದ್ಧ ಮಾಡಿತು. ಕೊನೆಗೆ ಅಪ್ಪನ ಹಳೇ ಪಂಚೆಯನ್ನು ಬಾಗಿಲಿಗೆ ಹೊದಿಸಿದೆ. ಎದುರಾಳಿ ಮಾಯ. ಅದು ಐದು ನಿಮಿಷ ಪಂಚೆಯನ್ನೇ ನೋಡಿ, ಗೆದ್ದೆ ಅನ್ನುವ ಗತ್ತಿನಲ್ಲಿ ಹೊರಟುಹೋಯಿತು.

ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನೇರ ನಿಂತು ಕೈ ಮೇಲೆತ್ತಿ ಜೋರಾಗಿ ಕೂಗಿ, ಛತ್ರಿ ಫಟ್ ಅಂತ ಬಿಚ್ಚಿ, ಪೊರಕೆ ಬೀಸಿ, ತೋಟದ ಪೈಪಿನಿಂದ ನೀರು ಹೊಡೆಯಿರಿ. ಪೆಟ್ಟಾಗುವ ಹಾಗೆ ಹೊಡೆಯಬೇಕಿಲ್ಲ, ಮೇಲಿನ ಮೆಟ್ಟಿಲು ನಿಮ್ಮದು ಅಂತ ತೋರಿಸಿದರೆ ಸಾಕು. ಮನೆಯವರೆಲ್ಲರೂ ಹೀಗೇ ಮಾಡಬೇಕು. ನೀವು ಗದರಿಸಿ, ಅಜ್ಜಿ ಹೆದರಿ ಒಳಗೆ ಓಡಿದರೆ ಅದಕ್ಕೆ ಅಜ್ಜಿ ಮಾತ್ರ ನೆನಪಿರುತ್ತದೆ. ಚಿಕ್ಕ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಜೂನ್ ಹೊತ್ತಿಗೆ ಈ ಅಬ್ಬರ ತಾನಾಗಿ ಇಳಿಯುತ್ತದೆ.

ಪಾಪ ಅನಿಸುತ್ತೆ. ಸ್ವಲ್ಪ ಅಕ್ಕಿ, ಜೋಳ ಹಾಕಬಹುದಾ?

ಬೇಡ. ಕಾಗೆಗೆ ಅನ್ನ ಇಟ್ಟು, ಗುಬ್ಬಿಗೆ ಕಾಳು ಹಾಕಿ ಬೆಳೆದವರು ನಾವು. ನನಗೂ ಇದು ಕಷ್ಟವಾಗಿತ್ತು. ಆದರೆ ಮೇಲಿನ ಪ್ರಶ್ನೆಯ ಮೂಲವೇ ಇದು. ಕೈಯಿಂದ ತಿಂದ ಟರ್ಕಿಗೆ ಮನುಷ್ಯರ ಹೆದರಿಕೆ ಹೋಗುತ್ತದೆ. ಆಮೇಲೆ ಪೋಸ್ಟ್ ಹಾಕಲು ಬಂದವನನ್ನು ಓಡಿಸುತ್ತದೆ, ರಸ್ತೆ ಮಧ್ಯೆ ನಿಲ್ಲುತ್ತದೆ, ಕೊನೆಗೆ ಕಾರಿಗೆ ಸಿಗುತ್ತದೆ. ಬೂಷ್ಟು ಹಿಡಿದ ಜೋಳದಲ್ಲಿರುವ ವಿಷವನ್ನಂತೂ ಟರ್ಕಿ ತಡೆಯುವುದೇ ಇಲ್ಲ. ಹಕ್ಕಿಗಳಿಗೆ ಕಾಳು ನೇತು ಹಾಕಿದ್ದರೆ ಕೆಳಗೆ ಉದುರಿದ್ದನ್ನು ದಿನಾ ಗುಡಿಸಿ.

ಸತ್ತ ಬೆಕ್ಕಿನ ಸುತ್ತ ಟರ್ಕಿಗಳು ಸುತ್ತುವ ವಿಡಿಯೋ ನೋಡಿದೆ. ಏನೋ ಪೂಜೆ ಮಾಡುವ ಹಾಗಿತ್ತು!

2017ರಲ್ಲಿ ನಮ್ಮ ಬಾಸ್ಟನ್ ಪಕ್ಕದಲ್ಲೇ ಆದದ್ದು. ಪೂಜೆ ಅಲ್ಲ. ಬೆಕ್ಕು ಅವುಗಳಿಗೆ ಶತ್ರು. ಸತ್ತಿದೆಯೋ ಬದುಕಿದೆಯೋ ಅಂತ ಹತ್ತಿರ ಹೋಗಿ ನೋಡಬೇಕು, ಆದರೆ ತೀರ ಹತ್ತಿರ ಹೋಗಲು ಭಯ. ಜೊತೆಗೆ ಟರ್ಕಿಗಳಿಗೆ ಮುಂದಿನವರ ಬಾಲ ನೋಡಿಕೊಂಡು ನಡೆಯುವ ಅಭ್ಯಾಸ. ಮೊದಲನೆಯದು ಸುತ್ತು ಹಾಕಿ ಕೊನೆಯದರ ಹಿಂದೆ ಬಂದು ಸೇರಿದರೆ ಮುಗಿಯಿತು, ನಿಲ್ಲಿಸುವವರು ಯಾರು? ವಿಜ್ಞಾನಿಗಳು ಕೊಟ್ಟ ವಿವರಣೆ ಹೆಚ್ಚುಕಮ್ಮಿ ಇದೇ.

ಹಿಮ ಬಿದ್ದಾಗ ಹೇಗೆ ಬದುಕುತ್ತವೆ?

ವಲಸೆ ಹೋಗುವುದಿಲ್ಲ, ಇಲ್ಲೇ ಇರುತ್ತವೆ. ಮೈ ಮೇಲೆ ಐದಾರು ಸಾವಿರ ಗರಿ, ಒಳಗೆ ಶರತ್ಕಾಲದಲ್ಲಿ ಓಕ್ ಕಾಯಿ ತಿಂದು ಕಟ್ಟಿದ ಕೊಬ್ಬು. ಬಿರುಗಾಳಿ ಇದ್ದರೆ ದಿನಗಟ್ಟಲೆ ಮರ ಬಿಟ್ಟು ಇಳಿಯುವುದೇ ಇಲ್ಲ, ವಾರದವರೆಗೂ ಉಪವಾಸ ತಡೆಯುತ್ತವೆ. ಕಷ್ಟವಾಗುವುದು ಚಳಿಯಿಂದಲ್ಲ, ಕಾಲು ಹೂತುಹೋಗುವ ಮೆತ್ತನೆಯ ಆಳ ಹಿಮದಿಂದ.

ಹಿಂದೆ ಇಲ್ಲಿ ಒಂದೂ ಇರಲಿಲ್ವಂತೆ, ಹೌದಾ?

ಹೌದು. ಇದೊಂದು ದೊಡ್ಡ ಕತೆ. ಯುರೋಪಿನವರು ಬಂದಾಗ ಇಲ್ಲಿ ಕಾಡು ತುಂಬ ಟರ್ಕಿ. ಕಾಡು ಕಡಿದು ಹೊಲ ಮಾಡಿದರು, ವರ್ಷವಿಡೀ ಹೊಡೆದು ಮಾರಿದರು. ನಮ್ಮ ರಾಜ್ಯವಾದ ಮ್ಯಾಸಚೂಸೆಟ್ಸ್‌ನ ಕೊನೆಯ ಕಾಡು ಟರ್ಕಿ ಹೋದದ್ದು 1851ರಲ್ಲಿ. 1920ರ ಹೊತ್ತಿಗೆ, ಮೊದಲು ಇದ್ದ 39 ರಾಜ್ಯಗಳ ಪೈಕಿ 18ರಲ್ಲಿ ಒಂದೂ ಉಳಿದಿರಲಿಲ್ಲ.

ಆಮೇಲೆ ಮೂರು ವಿಷಯ ಸೇರಿಬಂದವು. ಹೊಲ ಬಿಟ್ಟು ಜನ ಪಟ್ಟಣಕ್ಕೆ ಹೋದರು, ಕಾಡು ಮತ್ತೆ ಬೆಳೆಯಿತು. 1937ರಲ್ಲಿ ಒಂದು ಕಾನೂನು ಬಂದು, ಬಂದೂಕು ಮತ್ತು ಗುಂಡಿನ ಮೇಲಿನ ತೆರಿಗೆ ಹಣ ವನ್ಯಜೀವಿಗಳಿಗೆ ಹೋಗತೊಡಗಿತು. ಮೂರನೆಯದು ಬಲೆ. ಅದಕ್ಕೆ ಮುಂಚೆ ಫಾರಂನಲ್ಲಿ ಬೆಳೆಸಿದ ಟರ್ಕಿಗಳನ್ನು ಸಾವಿರಗಟ್ಟಲೆ ಕಾಡಿಗೆ ಬಿಟ್ಟಿದ್ದರು, ಹೆಚ್ಚುಕಮ್ಮಿ ಎಲ್ಲಾ ಸತ್ತವು. ಯಾವುದಕ್ಕೆ ಹೆದರಬೇಕು, ಎಲ್ಲಿ ಮಲಗಬೇಕು ಅಂತ ಹೇಳಿಕೊಡುವ ತಾಯಿ ಅವಕ್ಕೆ ಇರಲಿಲ್ಲವಲ್ಲ. ಕಾಡಿನ ಟರ್ಕಿಯನ್ನೇ ಹಿಡಿದು ಸಾಗಿಸಬೇಕು, ಆದರೆ ಅದು ಕೈಗೆ ಸಿಗುವ ಹಕ್ಕಿಯೇ? 1951ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಸಣ್ಣ ಫಿರಂಗಿಯಿಂದ ಬಲೆ ಹಾರಿಸಿ ಮೇಯುತ್ತಿದ್ದ ಹಿಂಡಿನ ಮೇಲೆ ಬೀಳಿಸಿದರು. ಅಲ್ಲಿಂದ ದಾರಿ ತೆರೆಯಿತು.

ನಮ್ಮ ರಾಜ್ಯಕ್ಕೆ 1972-73ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ 37 ಟರ್ಕಿ ತಂದು ಬರ್ಕ್‌ಷೈರ್ ಬೆಟ್ಟಗಳಲ್ಲಿ ಬಿಟ್ಟರು. ಬರೀ 37! ಈಗ ಇಲ್ಲಿ 25,000ಕ್ಕೂ ಜಾಸ್ತಿ ಇವೆ. ಅಲಾಸ್ಕಾ ಬಿಟ್ಟು ಎಲ್ಲಾ ರಾಜ್ಯಗಳಲ್ಲೂ ಟರ್ಕಿ ಇದೆ. ಹವಾಯಿ, ಕ್ಯಾಲಿಫೋರ್ನಿಯಾದಲ್ಲಿ ಜನರೇ ಒಯ್ದು ಬಿಟ್ಟದ್ದು. ಬೇಟೆಗಾರರ ದುಡ್ಡಿನಿಂದ ಹಕ್ಕಿ ಉಳಿಯಿತು ಅನ್ನುವುದು ನನಗೆ ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ, ಆದರೆ ನಿಜ.

ಟರ್ಕಿ ದಡ್ಡ ಹಕ್ಕಿ, ಮಳೆ ಬಂದರೆ ಬಾಯಿ ಬಿಟ್ಟು ಆಕಾಶ ನೋಡುತ್ತಾ ಮುಳುಗಿ ಸಾಯುತ್ತೆ ಅಂತಾರೆ?

ಶುದ್ಧ ಸುಳ್ಳು. ಕೆಲವು ಸಾಕು ಟರ್ಕಿಗಳಿಗೆ ವಂಶದಲ್ಲಿ ಬರುವ ಒಂದು ನರದ ತೊಂದರೆ ಇದೆ, ಸ್ವಲ್ಪ ಹೊತ್ತು ತಲೆ ಎತ್ತಿ ಹಾಗೇ ನಿಂತುಬಿಡುತ್ತವೆ. ಅದನ್ನು ನೋಡಿ ಕಟ್ಟಿದ ಕತೆ ಇರಬೇಕು. ಕಾಡು ಟರ್ಕಿಯ ಜಾಣತನ ನೋಡಬೇಕಾದರೆ ಬೇಟೆಗಾರರನ್ನೇ ಕೇಳಿ. ಮೈಗೆಲ್ಲ ಎಲೆ ಬಣ್ಣದ ಬಟ್ಟೆ ಹಾಕಿ ಬೆಳಗಿನ ಜಾವ ಮೂರು ಗಂಟೆ ಹೊತ್ತು ಅಲುಗಾಡದೆ ಕೂತು, ಒಂದು ಸಲ ಮೂಗು ತುರಿಸಿದ್ದಕ್ಕೆ ಹಕ್ಕಿ ಕಳಕೊಂಡ ಕತೆ ಎಲ್ಲರ ಹತ್ತಿರವೂ ಇರುತ್ತದೆ.

ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ರಾಷ್ಟ್ರಪಕ್ಷಿ ಮಾಡಬೇಕು ಅಂದಿದ್ದನಾ?

ಹಾಗೆ ಯಾವತ್ತೂ ಪ್ರಸ್ತಾಪ ಮಾಡಲಿಲ್ಲ. 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ, ಅಮೆರಿಕದ ಲಾಂಛನದಲ್ಲಿರುವ ಹದ್ದಿಗಿಂತ ಟರ್ಕಿಯೇ ಮರ್ಯಾದಸ್ಥ ಹಕ್ಕಿ, ಸ್ವಲ್ಪ ಜಂಬ ಇದ್ದರೂ ಧೈರ್ಯವಂತ ಅಂತ ತಮಾಷೆಗೆ ಬರೆದ, ಅಷ್ಟೇ. ಜಂಬದ ವಿಷಯದಲ್ಲಿ ಅವನ ಮಾತು ಸರಿ.

ಥ್ಯಾಂಕ್ಸ್‌ಗಿವಿಂಗ್ ದಿನ ಬೇಯಿಸುವ ಟರ್ಕಿ ಇದೇನಾ?

ಜಾತಿ ಅದೇ, ಮನೆತನ ಬೇರೆ. ಅಂಗಡಿಯದ್ದು ಮೆಕ್ಸಿಕೋದ ಜನ ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದ ಉಪಜಾತಿಯ ಮೊಮ್ಮಗ. ಅದು ಸ್ಪೇನಿಗೆ ಹೋಗಿ, ಯುರೋಪೆಲ್ಲ ಸುತ್ತಿ, ವಲಸೆ ಬಂದವರ ಹಡಗಿನಲ್ಲಿ ಮತ್ತೆ ಅಮೆರಿಕಕ್ಕೆ ಬಂತು. ಈಗಿನ ಫಾರಂ ಹುಂಜದ ಎದೆ ಎಷ್ಟು ದಪ್ಪ ಅಂದರೆ ತಾನಾಗಿ ಹೇಂಟೆಯ ಜೊತೆ ಕೂಡಲಾರದು, ಎಲ್ಲಾ ಕೃತಕ ಗರ್ಭಧಾರಣೆ. ಕಾಡಿನದರ ಎದೆ ಮಾಂಸ ಕಪ್ಪು ಮತ್ತು ಗಟ್ಟಿ, ಹಾರುತ್ತದಲ್ಲ. ನಮ್ಮ ರಾಜ್ಯದಲ್ಲಿ ಏಪ್ರಿಲ್ ಕೊನೆಯಿಂದ ಮೇ ತನಕ ಲೈಸೆನ್ಸ್ ಇದ್ದವರು ಬೇಟೆ ಆಡಬಹುದು. ಉಳಿದವರು ಮುಟ್ಟುವ ಹಾಗಿಲ್ಲ, ಮರಿ ತಂದು ಸಾಕುವ ಹಾಗೂ ಇಲ್ಲ.

ಬಿದ್ದ ಗರಿ ಮನೆಗೆ ತರಬಹುದಾ?

ಟರ್ಕಿಯದ್ದಾದರೆ ತರಬಹುದು. ಆದರೆ ಕಾಗೆ, ಗಿಡುಗ, ನೀಲಿ ಜೇ, ಇವುಗಳ ಗರಿ ಹೆಕ್ಕುವುದೂ ಇಲ್ಲಿ ಕಾನೂನಿಗೆ ವಿರುದ್ಧ. ಮಕ್ಕಳಿಗೆ ಹೇಳಿಡಿ.

ಸಿಡ್ನಿಯಲ್ಲಿ ನಮ್ಮ ತಂಗಿ ಮನೆ ಹತ್ತಿರವೂ ಟರ್ಕಿ ಇದೆ ಅಂತಾಳೆ?

ಅದು ಬ್ರಷ್ ಟರ್ಕಿ. ಹೆಸರು, ಬೋಳು ತಲೆ ಎರಡು ಬಿಟ್ಟು ಬೇರೆ ಹೋಲಿಕೆ ಇಲ್ಲ, ಕುಟುಂಬವೇ ಬೇರೆ. ಅಲ್ಲಿ ಹುಂಜ ಎಲೆಗೊಬ್ಬರದ ದೊಡ್ಡ ಗುಡ್ಡೆ ಮಾಡಿ ಅದರ ಬಿಸಿಯಲ್ಲೇ ಮೊಟ್ಟೆಗೆ ಕಾವು ಕೊಡಿಸುತ್ತದೆ. ನಮ್ಮ ಹುಂಜಕ್ಕಿಂತ ಜವಾಬ್ದಾರಿಯ ಗಂಡಸು.

ಕುಣಿತ ನೋಡಬೇಕು. ಯಾವಾಗ, ಎಲ್ಲಿ?

ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ, ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚೆ ಹೋಗಿ. ಕಾಡಿನ ಅಂಚಿನಲ್ಲಿ ಹುಲ್ಲುಗಾವಲು ಇರುವ ಜಾಗ ನೋಡಿ, ಕಾರಿನ ಒಳಗೇ ಕೂತಿರಿ. ಟರ್ಕಿಗಳು ಕಾರಿಗೆ ಹೆದರುವುದಿಲ್ಲ, ಕಾರಿನಿಂದ ಇಳಿದ ಮನುಷ್ಯನಿಗೆ ಹೆದರುತ್ತವೆ. ಕಿಟಕಿ ಸ್ವಲ್ಪ ಇಳಿಸಿರಿ. ಮೊದಲು ಮರದ ಮೇಲಿನಿಂದ ಕೂಗು, ಆಮೇಲೆ ಒಂದೊಂದೇ ಧಪ್ ಅಂತ ಕೆಳಗೆ ಇಳಿಯುವ ಸದ್ದು. ಹುಂಜ ಗರಿ ಬಿಚ್ಚಿ ಹತ್ತಿರ ಬಂದರೆ ಉಸಿರು ಹಿಡಿದು ಕೇಳಿ, ಬಿಕ್ಕಿದಂಥ ಒಂದು ಚಿಕ್ಕ ಸದ್ದು, ಅದರ ಹಿಂದೆಯೇ "ಹೂಂಂಂ" ಅಂತ ಒಂದು ಗುಂಯ್‌ಗಾಟ. ಕಿವಿಗಿಂತ ಎದೆಗೆ ಜಾಸ್ತಿ ಕೇಳುತ್ತದೆ. ಕಾಫಿ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಿ, ಆದರೆ ಮುಚ್ಚಳ ಮೆಲ್ಲಗೆ ತೆಗೆಯಿರಿ.